ಸೂಳೆಕೆರೆ ಕಡೆ ಒಂದು ದಿನ: ಮಕ್ಕಳು, ವಯಸ್ಸಾದವರು ಇದ್ದಾರೆ, ಹೆಂಗೆ ಪ್ಲಾನ್ ಮಾಡೋದು?

ಹದಡಿ ರಸ್ತೆ:
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೇ ವಾರ ದಾವಣಗೆರೆಯಿಂದ ಬೆಳಿಗ್ಗೆ ಹೊರಟು ರಾತ್ರಿ ವಾಪಸ್ ಬರೋ ಹಂಗೆ ಸೂಳೆಕೆರೆ ಕಡೆ ಹೋಗಬೇಕು ಅಂತಿದೀವಿ. ಟಿ.ಟಿ. (ಟೆಂಪೋ ಟ್ರಾವೆಲರ್) ಗಾಡಿ, ಹನ್ನೆರಡು ಜನ. ಅದರಲ್ಲಿ ನಾಲ್ಕು ಮಕ್ಕಳು, ಮೊಣಕಾಲು ನೋವಿರೋ ಇಬ್ಬರು ಹಿರಿಯರು. ಎಲ್ಲಿ ಹುಡುಕಿದ್ರೂ "ಏಷ್ಯಾದ ಎರಡನೇ ದೊಡ್ಡ ಕೆರೆ" ಅಂತ ಒಂದು ಸಾಲು ಸಿಗುತ್ತೆ, ಅಲ್ಲಿ ಹೋಗಿ ಏನು ಮಾಡಬೇಕು ಅಂತ ಯಾರೂ ಹೇಳಲ್ಲ. ದೋಣಿ ಇರುತ್ತಾ? ಮಕ್ಕಳು ನೀರಿಗಿಳಿಯಬಹುದಾ? ಊಟಕ್ಕೆ ಏನು ಮಾಡೋದು? ಹತ್ತಿರ ಇನ್ನೇನು ಸೇರಿಸಬಹುದು? ಇದರ ಬದಲು ವಾಣಿವಿಲಾಸ ಸಾಗರಕ್ಕೇ ಹೋಗೋದು ಮೇಲಾ?

ಚನ್ನಗಿರಿ ಅಡಿಕೆ:
ಕೆರೆ ಒಂದನ್ನೇ ನಂಬ್ಕೊಂಡು ಹನ್ನೆರಡು ಜನ ಬರಬ್ಯಾಡ್ರಿ. ಏರಿ ಮೇಲೆ ನಿಂತು ಕಣ್ತುಂಬ ನೋಡೋಕೆ ಮುಕ್ಕಾಲು ಗಂಟೆ ಸಾಕು, ಆಮೇಲೆ ಮಕ್ಕಳು "ಮುಂದೆ ಎಲ್ಲಿಗೆ" ಅಂತಾವೆ. ಸಂತೆಬೆನ್ನೂರು ಪುಷ್ಕರಣಿ, ಸೂಳೆಕೆರೆ, ಚನ್ನಗಿರಿ, ಹೊದಿಗೆರೆ ಹಿಂಗೆ ಒಂದೇ ದಾರಿಗೆ ಪೋಣಿಸ್ಕಳ್ರಿ. ದಾವಣಗೆರೆ ಬಿಟ್ಟು ಒಂದು ಗಂಟೆಗೆ ಸಂತೆಬೆನ್ನೂರು. ಪುಷ್ಕರಣಿ ಮೊದಲು ಮುಗಿಸಿ. ಅದು ಪೂರಾ ಕಲ್ಲು, ಹನ್ನೊಂದರ ಮೇಲೆ ಬಿಸಿಲಿಗೆ ಕಾದುಬಿಡುತ್ತೆ, ವಯಸ್ಸಾದವರಿಗೆ ಆಗಲ್ಲ. ಅಲ್ಲಿಂದ ಕೆರೆ. ಮಧ್ಯಾಹ್ನದ ಊಟಕ್ಕೆ ಚನ್ನಗಿರಿ. ಸಂಜೆ ವಾಪಸ್ ಬರೋವಾಗ ಇನ್ನೊಂದ್ಸಲ ಏರಿ ಮೇಲೆ ಗಾಡಿ ನಿಲ್ಲಿಸಿ, ಸೂರ್ಯ ಇಳಿಯೋ ಹೊತ್ತು ಚೆನ್ನಾಗಿರ್ತದೆ.

ನೀರುಕಾಗೆ:
ಚನ್ನಗಿರಿಯವರ ದಾರಿ ಸರಿ, ಕ್ರಮ ತಲೆಕೆಳಗು. ಕೆರೆಗೆ ಮೊದಲು ಹೋಗಬೇಕು. ಡಿಸೆಂಬರ್ ಅಂದ್ರೆ ವಲಸೆ ಹಕ್ಕಿಗಳ ಕಾಲ, ಬೆಳಿಗ್ಗೆ ಏಳರಿಂದ ಒಂಬತ್ತೂವರೆ ಒಳಗೆ ಮೇಯೋ ಹಕ್ಕಿ ಹತ್ತಿರ ಸಿಗುತ್ತವೆ. ಹೊತ್ತೇರಿದ ಹಾಗೆ ಗಾಳಿ ಏಳುತ್ತೆ, ನೀರಿನ ಮೇಲೆ ಅಲೆ ಶುರುವಾಗುತ್ತೆ, ಬಾತುಗಳು ನಡುನೀರಿಗೆ ಹೋಗಿ ಕೂತುಬಿಡ್ತಾವೆ. ಆಮೇಲೆ ಕಾಣೋದು ಬರೀ ಕಪ್ಪು ಚುಕ್ಕೆ.

ಇನ್ನೊಂದು ವಿಷಯ. ಬಂದವರೆಲ್ಲ ಏರಿ ಮೇಲೇ ನಿಂತು ಹಕ್ಕಿ ಹುಡುಕ್ತಾರೆ. ಏರಿ ಪಕ್ಕ ನೀರು ಆಳ ಇರೋದ್ರಿಂದ ಅಲ್ಲಿ ಸಿಗೋದು ನೀರುಕಾಗೆ, ಗುಳುಮುಳುಕ, ಹಾರಾಡೋ ರೀವ, ಅಷ್ಟೇ. ಉದ್ದ ಕಾಲಿನ ಹಕ್ಕಿಗಳು ಬೇಕಂದ್ರೆ ಕೆರೆಯ ಹಿಂಬದಿ, ಅಂಗಳದ (ನೀರು ಇಳಿದಾಗ ಬಯಲಾಗೋ ಕೆರೆ ನೆಲ) ಕಡೆ ಹೋಗಬೇಕು. ಮೊಣಕಾಲುದ್ದ ನೀರು, ಜೊಂಡು, ಕೆಸರು ಇರೋ ಕಡೆಯೇ ಬಣ್ಣದ ಕೊಕ್ಕರೆ, ಬೆಳ್ಳಕ್ಕಿ, ನಾಮದ ಕೋಳಿ, ವರಟೆ ಎಲ್ಲ ಸಿಗೋದು. ಸೂರ್ಯ ಬೆನ್ನಿಗಿರಬೇಕು, ಅಂದ್ರೆ ಬೆಳಿಗ್ಗೆ ಪೂರ್ವದ ದಡದಲ್ಲಿ ನಿಂತು ಪಶ್ಚಿಮಕ್ಕೆ ನೋಡಿ. ಎದುರು ಬಿಸಿಲಲ್ಲಿ ಎಂಥ ಹಕ್ಕಿಯಾದ್ರೂ ಕಪ್ಪಗೇ ಕಾಣೋದು.

ಬೈನಾಕ್ಯುಲರ್ ತಗೊಳ್ಳೋರು 8×42 ಅಳತೆದು ತಗೊಳ್ಳಿ, ಅಂದ್ರೆ 8 ಪಟ್ಟು ದೊಡ್ಡದು ಮಾಡೋದು. 20 ಪಟ್ಟು ದೊಡ್ಡದು ಮಾಡುತ್ತೆ ಅಂತ ಮಾರೋದನ್ನ ಮಕ್ಕಳ ಕೈಗೆ ಕೊಟ್ರೆ ಕೈ ಅಲ್ಲಾಡಿ ಏನೂ ಕಾಣಲ್ಲ.

ಚನ್ನಗಿರಿ ಅಡಿಕೆ:
ಹಕ್ಕಿ ನೋಡೋರಿಗೆ ನೀವು ಹೇಳಿದ್ದು ಸರಿ ಸರ್. ಆದ್ರೆ ಅವರ ಜೊತೆ ಮಕ್ಕಳು, ಹಿರಿಯರು ಇದ್ದಾರೆ. ಏಳಕ್ಕೆ ಕೆರೆ ಮುಟ್ಟಬೇಕಂದ್ರೆ ಐದೂವರೆಗೆ ದಾವಣಗೆರೆ ಬಿಡಬೇಕು, ಮಕ್ಕಳನ್ನ ನಾಲ್ಕೂವರೆಗೆ ಎಬ್ಬಿಸಬೇಕು. ಆಗುತ್ತಾ?

ನೀರುಕಾಗೆ:
ಏಳು ಬೇಡ, ಎಂಟಕ್ಕೆ ಮುಟ್ಟಿದ್ರೂ ಸಾಕು. ಪುಷ್ಕರಣಿ ಹತ್ತಕ್ಕೆ ನೋಡಲಿ. ಡಿಸೆಂಬರ್ ಬಿಸಿಲಿಗೆ ಆ ಕಲ್ಲು ಏಪ್ರಿಲ್‌ನಷ್ಟು ಕಾಯಲ್ಲ.

ಬೆಣ್ಣೆ ಖಾಲಿ:
ಐದೂವರೆಗೆ ಹೊರಟ್ರೆ ಬೆಣ್ಣೆ ದೋಸೆ ಎಲ್ಲಿ ತಿನ್ನೋದು?

ತೂಬು ಕೋಡಿ:
"ಎರಡನೇ ದೊಡ್ಡ ಕೆರೆ" ಅನ್ನೋ ಜಗಳ ಬಿಡಿ, ಅದು ಮುಗಿಯೋದಲ್ಲ. ಕೆರೆ ಮುಂದೆ ನಿಂತಾಗ ಏನು ನೋಡಬೇಕು ಅಂತ ಹೇಳ್ತೀನಿ, ಮಕ್ಕಳಿಗೆ ತೋರಿಸಿ.

ನೀರು ನಿಲ್ಲೋ ಜಾಗ ಸುಮಾರು 6,550 ಎಕರೆ. ಇಷ್ಟು ನೀರನ್ನ ಹಿಡಿದಿರೋ ಏರಿ ಎಷ್ಟುದ್ದ? ಸಾವಿರ ಅಡಿ ಆಸುಪಾಸು, ಅಷ್ಟೇ. ಎರಡು ಗುಡ್ಡದ ನಡುವಿನ ಸಂದಿ ನೋಡಿ ಅಲ್ಲೇ ಕಟ್ಟಿದ್ದಾರೆ. ಉಳಿದ ಏರಿಯ ಕೆಲಸ ಗುಡ್ಡಗಳೇ ಮಾಡ್ತಿವೆ. ಎಷ್ಟೋ ಕೆರೆಗಳಲ್ಲಿ ಇದರ ತದ್ವಿರುದ್ಧ, ಏರಿ ಮೈಲಿಗಟ್ಟಲೆ, ನೀರು ಎರಡಡಿ. ಏರಿ ಮೇಲೆ ನಿಂತು ಬಲಕ್ಕೊಂದು ಎಡಕ್ಕೊಂದು ಗುಡ್ಡ ತೋರಿಸಿ "ಇದನ್ನ ಯಾಕೆ ಇಲ್ಲೇ ಕಟ್ಟಿದ್ರು" ಅಂತ ಕೇಳಿ, ಆರನೇ ಕ್ಲಾಸಿನ ಹುಡುಗರೂ ಉತ್ತರ ಹೇಳ್ತಾರೆ.

ತೂಬು ಎರಡು, ಸಿದ್ಧ ಮತ್ತು ಬಸವ. ತೂಬು ಅಂದ್ರೆ ಅಚ್ಚುಕಟ್ಟಿಗೆ ಬೇಕಾದಾಗ ಬೇಕಾದಷ್ಟು ನೀರು ಬಿಡೋ ಬಾಗಿಲು. ಕೋಡಿ ಅಂದ್ರೆ ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ತಾನೇ ಹರಿದು ಹೋಗೋ ದಾರಿ. ಬರೆಯೋರು ಎಷ್ಟೋ ಜನ ಇವೆರಡನ್ನೂ ಕಲಸಿಬಿಡ್ತಾರೆ. ಇಲ್ಲಿಂದ ಹೊರಟ ಹರಿದ್ರಾ ಹರಿಹರದಲ್ಲಿ ತುಂಗಭದ್ರೆಗೆ ಸೇರುತ್ತೆ. ಭದ್ರಾ ನಾಲೆ ನೀರೂ ಕೆರೆಗೆ ಬರೋದ್ರಿಂದ ಅಕ್ಕಪಕ್ಕದ ಕೆರೆ ಬತ್ತಿದ ವರ್ಷವೂ ಇಲ್ಲಿ ಒಂದಿಷ್ಟು ನೀರು ಸಿಗುತ್ತೆ.

ದುರ್ಗದವರು:
ಚಿತ್ರದುರ್ಗ ಊರಿಗೆ ಕುಡಿಯೋಕೆ ಬರೋದೂ ಇದೇ ಕೆರೆ ನೀರು ಅನ್ನೋದನ್ನ ಯಾರೂ ಹೇಳ್ಲಿಲ್ಲ. ಹೋದವರು ಅದರಲ್ಲಿ ಬಟ್ಟೆ ಒಗೆದು, ಗಾಡಿ ತೊಳೆದು ಬರಬೇಡಿ ದಯವಿಟ್ಟು.

ಹದಡಿ ರಸ್ತೆ:
ತೂಬು ಕೋಡಿ ಸರ್, ಧನ್ಯವಾದ. ದೋಣಿ ವಿಷಯ ಯಾರಾದ್ರೂ ಹೇಳ್ರಿ. ಮಕ್ಕಳು ಅದನ್ನೇ ಕೇಳ್ತಿದಾವೆ.

ಈಜು ಕಲಿಸೋರು:
ದೋಣಿ ಇದ್ದೇ ಇರುತ್ತೆ ಅಂತ ಮಕ್ಕಳಿಗೆ ಮಾತು ಕೊಡಬೇಡಿ ಸರ್. ಕೆರೆಗಳಲ್ಲಿ ದೋಣಿ ವಿಹಾರ ಗುತ್ತಿಗೆ ಮೇಲೆ ನಡೆಯೋದು, ಒಂದು ವರ್ಷ ಇರುತ್ತೆ, ಒಂದು ವರ್ಷ ಇರಲ್ಲ. ಹಿಂದಿನ ದಿನ ಚನ್ನಗಿರಿ ಕಡೆಯ ಪರಿಚಯದವರಿಗೆ ಫೋನ್ ಮಾಡಿ ಕೇಳಿ.

ಇದ್ರೆ, ಹತ್ತೋ ಮೊದಲು ಲೈಫ್ ಜಾಕೆಟ್ ನೋಡಿ. ಜಾಕೆಟ್ ಮೈಮೇಲಿದ್ರೆ ಆಯ್ತು ಅಂದ್ಕೋಬೇಡಿ. ಮಗುವಿಗೆ ಹಾಕಿಸಿ, ಬಕಲ್ ಎಲ್ಲ ಬಿಗಿಸಿ, ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೀರಿ. ಜಾಕೆಟ್ ಗಲ್ಲ ದಾಟಿ ಕಿವಿ ಮಟ್ಟಕ್ಕೆ ಬಂತು ಅಂದ್ರೆ ಅದು ಆ ಮಗುವಿನ ಅಳತೆದಲ್ಲ. ನೀರಿಗೆ ಬಿದ್ರೆ ಜಾಕೆಟ್ ಮೇಲೆ ತೇಲುತ್ತೆ, ಮಗು ಕೆಳಗೆ ಜಾರುತ್ತೆ. ಎಷ್ಟು ಕೆಜಿಯವರಿಗೆ ಅಂತ ಒಳಗಿನ ಚೀಟಿ ಮೇಲೆ ಅಚ್ಚಾಗಿರುತ್ತೆ, ಓದಿ. ಚಿಕ್ಕ ಮಕ್ಕಳಿಗೆ ಕಾಲಿನ ನಡುವೆ ಹಾದು ಬರೋ ಪಟ್ಟಿ ಇರೋದೇ ಬೇಕು. ಒಳಗಿನ ಫೋಮ್ ಹೆಬ್ಬೆರಳಲ್ಲಿ ಒತ್ತಿ ಬಿಡಿ, ಮತ್ತೆ ಉಬ್ಬಿ ಮೊದಲಿನ ಹಾಗಾಗಬೇಕು. ಒತ್ತಿದ ಗುಳಿ ಹಂಗೇ ಉಳಿದ್ರೆ ಫೋಮ್ ಸತ್ತಿದೆ. ಬಕಲ್ ಮುರಿದು ದಾರ ಕಟ್ಟಿರೋ ಜಾಕೆಟ್ ಕೊಟ್ರೆ ದೋಣಿ ಬೇಡ ಅನ್ನಿ.

ಹರಿಗೋಲಾದ್ರೆ (ಬುಟ್ಟಿ ಹಂಗಿರೋ ದುಂಡನೆ ದೋಣಿ) ಎಲ್ಲರೂ ತಳದಲ್ಲೇ ಕೂರಬೇಕು, ಎದುರುಬದುರಾಗಿ, ಭಾರ ಸಮ ಬೀಳೋ ಹಾಗೆ. ಸಾಮಾನ್ಯ ಅಳತೆಯ ಹರಿಗೋಲಿಗೆ ನಾಲ್ಕೈದು ಜನ ಸಾಕು. ಅಂಬಿಗ "ಇನ್ನಿಬ್ಬರು ಹತ್ತಬಹುದು" ಅಂದ್ರೂ ಒಪ್ಪಬೇಡಿ. ಹರಿಗೋಲು ಮಗುಚೋದು ಬಹುತೇಕ ಫೋಟೋ ತೆಗೆಯೋ ಹೊತ್ತಲ್ಲಿ. ಒಬ್ಬರು ಎದ್ದು ನಿಲ್ತಾರೆ, ಉಳಿದವರು ಮೊಬೈಲ್ ಕಡೆ ವಾಲ್ತಾರೆ, ಅಂಚು ನೀರಿಗೆ ತಾಗುತ್ತೆ. ಗಿರಗಿರ ತಿರುಗಿಸೋದನ್ನೂ ಬೇಡ ಅನ್ನಿ.

ಕ್ಯಾಮೆರಾ ಚೀಲ:
ತುಂಬಾ ಹೆದರಿಸ್ತಿದೀರಿ. ದಡದಲ್ಲಿ ಕಾಲು ನೆನೆಸೋಕೂ ಇಷ್ಟೆಲ್ಲ ಯೋಚನೆ ಮಾಡಬೇಕಾ?

ಈಜು ಕಲಿಸೋರು:
ಮಾಡಲೇಬೇಕು. ಹೊಳೆಯಲ್ಲಿ ಸೆಳೆತ ಕಣ್ಣಿಗೆ ಕಾಣುತ್ತೆ, ಜನ ಹೆದರ್ತಾರೆ. ಕೆರೆ ನೀರು ಸುಮ್ಮನೆ ನಿಂತಿರುತ್ತೆ, ಅದಕ್ಕೇ ಮೋಸ ಹೋಗ್ತಾರೆ. ಅಪಾಯ ಮೂರು ಕಡೆ. ಮೊದಲನೇದು ಗುಂಡಿ: ಬೇಸಿಗೆಯಲ್ಲಿ ಅಂಗಳದಿಂದ ಮಣ್ಣು ತೆಗೆದಿರ್ತಾರೆ, ನೀರು ಬಂದ ಮೇಲೆ ಗುಂಡಿ ಕಾಣಲ್ಲ. ಮೊಣಕಾಲುದ್ದ ನೀರಲ್ಲಿ ನಡೆಯೋನು ಮುಂದಿನ ಹೆಜ್ಜೆಗೆ ಆಳುದ್ದ ಹೋಗ್ತಾನೆ. ಎರಡನೇದು ಹೂಳು: ಕಾಲು ಹೂತ್ರೆ ಎಳೆದಷ್ಟೂ ಇನ್ನೊಂದು ಕಾಲು ಇಳಿಯುತ್ತೆ, ಗಾಬರಿಯಲ್ಲಿ ಮುಂದಕ್ಕೆ ಬೀಳ್ತಾರೆ. ಹೂತವರು ನಿಂತಲ್ಲೇ ಹಿಂದಕ್ಕೆ ಕೂತು, ಮೈ ಭಾರ ಅಗಲಕ್ಕೆ ಹಂಚಿ, ಕಾಲು ನಿಧಾನ ಅಲುಗಿಸ್ತಾ ಬಿಡಿಸ್ಕೋಬೇಕು. ಮೂರನೇದು ತೂಬಿನ ಹತ್ತಿರ: ಮೇಲೆ ಅಲೆಯೂ ಇರಲ್ಲ, ಕೆಳಗೆ ಮಾತ್ರ ನೀರು ಎಳೀತಿರುತ್ತೆ. ತೂಬು ತೆರೆದಿದೆಯೋ ಇಲ್ಲವೋ ಹೊರಗಿನವರಿಗೆ ಗೊತ್ತಾಗಲ್ಲ.

ಯಾರಾದ್ರೂ ಮುಳುಗ್ತಿದ್ರೆ ಹಾರಬೇಡಿ. ಒಬ್ಬನನ್ನ ಉಳಿಸೋಕೆ ಹಾರಿ ಮೂವರು ಹೋಗೋದು ಹೀಗೇ. ಸೀರೆ, ಹಗ್ಗ, ಉದ್ದನೆ ಗಳ, ಮುಚ್ಚಳ ಬಿಗಿ ಹಾಕಿದ ಖಾಲಿ ಐದು ಲೀಟರ್ ಕ್ಯಾನ್, ಏನು ಸಿಕ್ಕುತ್ತೋ ಅದನ್ನ ಎಸೀರಿ. 112ಕ್ಕೆ ಫೋನ್ ಮಾಡಿ. ಟಿ.ಟಿ.ಯಲ್ಲಿ ಇಪ್ಪತ್ತು ಮೀಟರ್ ನೈಲಾನ್ ಹಗ್ಗ ಇಟ್ಕೊಂಡು ಹೋದ್ರೆ ನಷ್ಟ ಏನಿಲ್ಲ.

ಹದಡಿ ರಸ್ತೆ:
ಮಕ್ಕಳು ನೀರಿಗಿಳಿಯೋದು ಬೇಡ ಅಂತ ತೀರ್ಮಾನ ಆಯ್ತು. ಈಜು ಕಲಿಸೋರು ಸರ್, ತುಂಬಾ ಉಪಕಾರ.

ಹಿರಿಯೂರು ಕಡೆ:
ವಾಣಿವಿಲಾಸ ಸಾಗರದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ದಾವಣಗೆರೆಯಿಂದ ಚಿತ್ರದುರ್ಗ 60 ಕಿ.ಮೀ., ಅಲ್ಲಿಂದ ಹಿರಿಯೂರು 40, ಹಿರಿಯೂರಿಂದ ಮಾರಿಕಣಿವೆ, ಅಂದ್ರೆ ವಾಣಿವಿಲಾಸ ಸಾಗರ ಇರೋ ಜಾಗ, ಮತ್ತೆ 20ರ ಹತ್ತಿರ. ಹೋಗಿ ಬರೋಕೆ ಐದು ಗಂಟೆ ಗಾಡಿಯಲ್ಲೇ ಕಳೀತದೆ. ಮೊಣಕಾಲು ನೋವಿನವರನ್ನ ಅಷ್ಟು ಹೊತ್ತು ಕೂರಿಸೋದಾದ್ರೆ ಮಧ್ಯೆ ಎರಡು ಕಡೆ ಇಳಿಸಬೇಕು.

ನೋಡೋಕೆ ಮಾತ್ರ ಅದರ ಲೆಕ್ಕವೇ ಬೇರೆ. 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ಕಲ್ಲಿನ ಅಣೆಕಟ್ಟೆ, ವೇದಾವತಿಗೆ ಅಡ್ಡ. ಇಲ್ಲೂ ಎರಡು ಗುಡ್ಡದ ಕಣಿವೆಯೇ, ತೂಬು ಕೋಡಿಯವರು ಹೇಳಿದ ಉಪಾಯವೇ. ಪೂರ್ತಿ ಮಟ್ಟ 130 ಅಡಿ, ನೀರು 30 ಟಿಎಂಸಿ. ಕಟ್ಟೆ ಮೇಲಿನ ಮಂಟಪಗಳು ಚೆಂದ, ಪಕ್ಕದಲ್ಲಿ ಕಣಿವೆ ಮಾರಮ್ಮನ ಗುಡಿ. ಕಟ್ಟೆ ಮೇಲೆ ಬಿಡ್ತಾರೋ ಇಲ್ವೋ ಅನ್ನೋದು ಆ ದಿನದ ನೀರು, ಭದ್ರತೆ ಮೇಲೆ ಹೋಗುತ್ತೆ. ಬಿಡದಿದ್ರೆ ಕೆಳಗಿನಿಂದ ನೋಡಬೇಕು, ಅದಕ್ಕೂ ತಯಾರಾಗಿ ಹೋಗಿ.

ಬೆಣ್ಣೆ ಖಾಲಿ:
2022ರಲ್ಲಿ ಮೊದಲನೇ ಸಲ ಕೋಡಿ ಬಿದ್ದಿದ್ದು ಅದೇ ಅಲ್ವಾ?

ಹಿರಿಯೂರು ಕಡೆ:
ಮೊದಲನೇ ಸಲ ಅಲ್ಲ. 1933ರಲ್ಲಿ ಬಿದ್ದಿತ್ತು, ಆಮೇಲೆ 89 ವರ್ಷ ಬಿಟ್ಟು 2022ರಲ್ಲಿ. 2025ರ ಜನವರಿಯಲ್ಲೂ ಬಿತ್ತು. ಈಗ ಅಜ್ಜಂಪುರದ ಸುರಂಗದಿಂದ ಭದ್ರೆ ನೀರೂ ಬರ್ತಿರೋದ್ರಿಂದ ಮೊದಲಿನ ಹಂಗೆ ತಳ ಕಾಣೋದು ಕಮ್ಮಿ. ಕೋಡಿ ಬಿದ್ದಾಗ ಮಾತ್ರ ಭಾನುವಾರ ಹೋಗಬೇಡಿ. ರಸ್ತೆ ತುಂಬ ಗಾಡಿ. ಕೋಡಿ ಕಲ್ಲಿನ ಮೇಲೆ ಎರಡೇ ದಿನಕ್ಕೆ ಪಾಚಿ ಕಟ್ಟುತ್ತೆ, ಚಪ್ಪಲಿ ಹಾಕ್ಕೊಂಡು ನಿಂತವರು ಹಂಗೇ ಜಾರ್ತಾರೆ.

ಜಗಳೂರು ಬಯಲು:
ನಮ್ಮ ರಂಗಯ್ಯನದುರ್ಗ ಕಾಡಿನ ಹೆಸರನ್ನೂ ಯಾರಾದ್ರೂ ಹೇಳ್ರಪ್ಪ. ಕೊಂಡುಕುರಿಗೆ (ನಾಲ್ಕು ಕೊಂಬಿನ ಹುಲ್ಲೆ) ಅಂತಲೇ ಮೀಸಲಿಟ್ಟ ವನ್ಯಧಾಮ ಅದು.

ನೀರುಕಾಗೆ:
ಹೌದು, ಒಳ್ಳೇ ಜಾಗ. ಆದ್ರೆ ಸೂಳೆಕೆರೆಗೆ ಪೂರಾ ವಿರುದ್ಧ ದಿಕ್ಕು. ಕೊಂಡುಕುರಿ ನಾಚಿಕೆ ಪ್ರಾಣಿ, ಹನ್ನೆರಡು ಜನರ ಸದ್ದಿಗೆ ಕಾಣಲ್ಲ. ಅದನ್ನ ಬೇರೆ ದಿನಕ್ಕೆ ಇಟ್ಕೊಳ್ಳಲಿ.

ಹೊಸ ಐಡಿಯಾ:
ಇಷ್ಟು ದೊಡ್ಡ ಕೆರೆ ಇಟ್ಕೊಂಡು ನಾವು ಹಕ್ಕಿ, ತೂಬು ಅಂತ ಮಾತಾಡ್ತಿದೀವಿ. ಸ್ಪೀಡ್ ಬೋಟ್, ಜೆಟ್ ಸ್ಕೀ, ಗುಡ್ಡದಿಂದ ಗುಡ್ಡಕ್ಕೆ ಜಿಪ್ ಲೈನ್, ದಡದಲ್ಲಿ ರೆಸಾರ್ಟ್ ಹಾಕಿದ್ರೆ ಬೆಂಗಳೂರಿನವರು ಶನಿವಾರ ಭಾನುವಾರ ಇಲ್ಲೇ ಇರ್ತಾರೆ. ಸುತ್ತಲ ಹಳ್ಳಿ ಹುಡುಗರಿಗೆ ಕೆಲಸ ಸಿಗುತ್ತೆ. ಪ್ರವಾಸಿಗರು ಕೆರೆ ನೋಡಿ ಒಂದು ಟೀ ಕುಡಿದು ಹೋದ್ರೆ ಊರಿಗೆ ಏನು ಬಂತು?

ದುರ್ಗದವರು:
ಕುಡಿಯೋ ನೀರಿನ ಕೆರೆಗೆ ಪೆಟ್ರೋಲ್ ದೋಣಿ ಬಿಡೋದಾ? ಟೂ ಸ್ಟ್ರೋಕ್ ಇಂಜಿನ್‌ಗೆ ಆಯಿಲ್ಲು ಪೆಟ್ರೋಲ್ ಜೊತೆಗೇ ಬೆರೆಸಿ ಹಾಕೋದು. ಅದರಲ್ಲಿ ಒಂದು ಪಾಲು ಉರಿಯದೇ ಹೊಗೆ ಜೊತೆ ನೀರಿಗೇ ಹೋಗುತ್ತೆ. ಮೇಲೆ ಬಣ್ಣಬಣ್ಣದ ಪದರ ಕಟ್ಟೋದು ಅದೇ. ಆ ನೀರು ಪೈಪಲ್ಲಿ ನಮ್ಮ ಮನೆಗೆ ಬರೋದು.

ತೂಬು ಕೋಡಿ:
ಹೊಸ ಐಡಿಯಾ ಅವರ ಪ್ರಶ್ನೆ ತಳ್ಳಿ ಹಾಕೋ ಹಾಗಿಲ್ಲ, ಹಳ್ಳಿಗೆ ದುಡಿಮೆ ಬೇಕು. ಆದ್ರೆ ದಾರಿ ಅದಲ್ಲ. ಜೋರು ಓಡೋ ದೋಣಿಯ ಅಲೆ ದಡಕ್ಕೆ, ಏರಿ ಕಲ್ಲಿಗೆ ಹೊಡೀತಾನೇ ಇರುತ್ತೆ. ಕಲ್ಲಿನ ಸಂದಿಯ ಮಣ್ಣು ತೊಳೆದು ಹೋದ್ರೆ ಮೊದಲು ಒಂದು ಕಲ್ಲು ಸಡಿಲ, ಆಮೇಲೆ ಸಾಲು ಸಾಲೇ ಕುಸಿಯುತ್ತೆ. ಗಾಳಿ ಎಬ್ಬಿಸೋ ಅಲೆಯೇ ಹಳೇ ಏರಿಗೆ ಸಾಕಷ್ಟಾಯ್ತು. ದೋಣಿ ಬೇಕೇ ಬೇಕು ಅಂದ್ರೆ ಹುಟ್ಟು ಹಾಕೋದು, ಪೆಡಲ್ ತುಳಿಯೋದು, ಬ್ಯಾಟರಿಯದು ಇರಲಿ. ಏರಿಯಿಂದ, ತೂಬಿನಿಂದ ದೂರ ತೇಲುಗುಂಡು ಕಟ್ಟಿ ಗಡಿ ಮಾಡಲಿ. ಮಧ್ಯಾಹ್ನ ಗಾಳಿ ಎದ್ದ ಮೇಲೆ ನಿಲ್ಲಿಸಲಿ. ಇನ್ನು ರೆಸಾರ್ಟ್ ಅಂದ್ರೆ ಮೊದಲು ಕೆರೆಯ ಗಡಿಗೆ ಕಲ್ಲು ನೆಡಬೇಕು. ನೀರು ಇಳಿದಾಗ ಕಾಣೋ ದಡ ದಡ ಅಲ್ಲ, ಅದು ಅಂಗಳ. ಅಲ್ಲಿ ಕಟ್ಟಿದ ರೂಮು ಮಳೆ ಚೆನ್ನಾಗಾದ ವರ್ಷ ನೀರೊಳಗೆ ನಿಲ್ಲುತ್ತೆ.

ಚನ್ನಗಿರಿ ಅಡಿಕೆ:
ಹಳ್ಳಿಗೆ ದುಡಿಮೆ ಅಂದ್ರಿ, ಅದಕ್ಕೆ ಜೆಟ್ ಸ್ಕೀ ಬ್ಯಾಡ. ಡಿಸೆಂಬರ್ ಅಂದ್ರೆ ನಮ್ಮಲ್ಲಿ ಅಡಿಕೆ ಕೊನೇ ಕೊಯ್ಲು ನಡೀತಿರ್ತದೆ. ಪೇಟೆ ಮಕ್ಕಳು ಅಡಿಕೆ ಅಂಗಡಿಯಲ್ಲಿ ನೋಡಿರ್ತಾವೆ, ಗೊನೆಯಿಂದ ಚೀಲದವರೆಗೆ ನೋಡಿರಲ್ಲ. ಗೊನೆ ಇಳಿಸಿ, ಹಸಿರು ಕಾಯಿ ಸುಲಿದು, ದೊಡ್ಡ ಹಂಡೆಯಲ್ಲಿ ಚೊಗರು (ಮೊದಲು ಅಡಿಕೆ ಬೇಯಿಸಿದ ಗಟ್ಟಿ ರಸ) ಹಾಕಿ ಬೇಯಿಸ್ತಾರೆ. ಹದಕ್ಕೆ ಬಂದ ಮೇಲೆ ಕಣದಲ್ಲಿ ಹರವಿ ಬಿಸಿಲಿಗೆ ಹಾಕೋದು. ಒಣಗೋಕೆ ಒಳ್ಳೇ ಬಿಸಿಲಿದ್ರೂ ನಾಲ್ಕೈದು ದಿನ ಬೇಕು, ಮೋಡ ಕವಿದ್ರೆ ಇನ್ನೂ ಜಾಸ್ತಿ, ಬೂಷ್ಟು ಬರೋ ಭಯ. ಕೆಂಪು ಬಣ್ಣ ಬರೋದು ಚೊಗರಿಂದ, ಬಿಸಿಲಿಂದಲ್ಲ.

ರಸ್ತೆ ಪಕ್ಕದ ಕಣದಲ್ಲಿ ಕೇಳಿದ್ರೆ ಸಂತೋಷವಾಗಿ ತೋರಿಸ್ತಾರೆ. ಎರಡು ಮಾತು ನೆನಪಿರಲಿ. ಹರವಿದ ಅಡಿಕೆ ಮೇಲೆ ಚಪ್ಪಲಿ ಕಾಲಲ್ಲಿ ನಡೆಯಬಾರದು. ಚೊಗರು ಬಟ್ಟೆಗೆ ತಾಗಿದ್ರೆ ಏನು ಮಾಡಿದ್ರೂ ಹೋಗಲ್ಲ, ಬಿಳಿ ಬಟ್ಟೆ ಹಾಕ್ಕೊಂಡು ಬರಬ್ಯಾಡ್ರಿ. ಹಂಡೆ ಹತ್ತಿರ ಮಕ್ಕಳನ್ನ ಬಿಡಬೇಡಿ, ಬೆಂಕಿ ದೊಡ್ಡದಿರ್ತದೆ.

ಹೊಸ ಐಡಿಯಾ:
ಅಡಿಕೆ ತೋಟ ತೋರಿಸೋದಕ್ಕೆ ತಲೆಗೆ ಇಷ್ಟು ಅಂತ ದುಡ್ಡು ಇಟ್ಟು, ಮನೆ ಊಟ ಹಾಕಿದ್ರೆ? ಇದು ನನಗೆ ಒಪ್ಪಿಗೆ. ಆದ್ರೆ ಬ್ಯಾಟರಿ ದೋಣಿಯಾದ್ರೂ ಬೇಕು, ಮಕ್ಕಳು ಅಡಿಕೆ ಸುಲಿಯೋದನ್ನ ಎಷ್ಟು ಹೊತ್ತು ನೋಡ್ತಾವೆ?

ದುರ್ಗದವರು:
ನಮ್ಮ ಭೀಮಸಮುದ್ರದಲ್ಲೂ ಇದೇ ಜೋಡಿ, ದೊಡ್ಡ ಕೆರೆ ಮತ್ತು ಅಡಿಕೆ. ಚಿತ್ರದುರ್ಗದಿಂದ ಬರೋರಿಗೆ ಅದೇ ಹತ್ತಿರ. ಕೋಟೆ ನೋಡಿ ಇನ್ನೂ ಹೊತ್ತಿದ್ರೆ ಚಂದ್ರವಳ್ಳಿ ಕೆರೆ ಇದೆ. ಅಲ್ಲಿ ಕದಂಬ ಮಯೂರಶರ್ಮನ ಶಾಸನ ಕೆರೆ ವಿಷಯವನ್ನೇ ಹೇಳುತ್ತೆ. ಪಕ್ಕದ ಅಂಕಲಿಮಠದ ಗುಹೆಗೆ ಟಾರ್ಚು ಬೇಕೇ ಬೇಕು, ಒಳಗೆ ಇಳಿಯೋ ದಾರಿ ಕತ್ತಲೆ, ಬಗ್ಗಿ ಹೋಗಬೇಕು. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಕಂಡ್ರೆ ಕೋತಿಗಳು ಬಿಡಲ್ಲ, ತಿಂಡಿ ಬ್ಯಾಗೊಳಗೆ ಇಡಿ.

ಕ್ಯಾಮೆರಾ ಚೀಲ:
ಪುಷ್ಕರಣಿ ಬಗ್ಗೆ: ಒಳಗೆ ಹೋದ ಕೂಡ್ಲೇ ಎಡಬಲ ನೋಡದೇ ಮೆಟ್ಟಿಲಿಗೆ ಓಡಬೇಡಿ. ಕಮಾನಿನ ಮುಸಾಫಿರ್ ಖಾನೆ (ಪ್ರಯಾಣಿಕರ ತಂಗುದಾಣ) ಮೊದಲು ನೋಡಿ, ಕೊಳಕ್ಕೆ ಆಮೇಲೆ ಬನ್ನಿ. ನಡುವೆ ವಸಂತ ಮಂಟಪ, ಸುತ್ತ ಚಿಕ್ಕ ಮಂಟಪಗಳು. ಮೊದಲು ಎಂಟಿದ್ದವು, ಈಗ ಆರು ಉಳಿದಿವೆ. ಗಾಳಿ ಇಲ್ಲದ ಬೆಳಿಗ್ಗೆ ನಡುಮಂಟಪದ ನೆರಳು ನೀರಲ್ಲಿ ಪೂರ್ತಿ ಬೀಳುತ್ತೆ. ಎಲ್ಲ ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ್ದು, 16ನೇ ಶತಮಾನ.

ತೂಬು ಕೋಡಿ:
ಚಿಕ್ಕ ತಿದ್ದುಪಡಿ. ಪುಷ್ಕರಣಿ ಕೆಂಗ ಹನುಮಪ್ಪ ನಾಯಕನದು, ಸರಿ. ಮುಸಾಫಿರ್ ಖಾನೆ ಆಮೇಲಿನದು, ಬಿಜಾಪುರದ ರಣದುಲ್ಲಾ ಖಾನನ ದಾಳಿ ನಂತರದ್ದು. ಎರಡನ್ನೂ ಒಂದೇ ಜಾಗದಲ್ಲಿ ನೋಡಬಹುದು ಅನ್ನೋದೇ ಸಂತೆಬೆನ್ನೂರಿನ ಹೆಚ್ಚುಗಾರಿಕೆ.

ಮೊಣಕಾಲು ನೋವಿನವರು ಮೆಟ್ಟಿಲು ಇಳಿಯೋದು ಬೇಡ. ಹಿಡಿಯೋಕೆ ಕಂಬಿ ಇಲ್ಲ, ಮೆಟ್ಟಿಲು ಎತ್ತರ. ಮೇಲಿನ ಕಟ್ಟೆ ಸುತ್ತ ನಡೆದ್ರೂ ಎಲ್ಲ ಕಾಣುತ್ತೆ.

ಬಸ್ ಪಾಸ್:
ಟಿ.ಟಿ. ಇಲ್ಲದೆ ಹೋಗೋರಿಗೆ: ದಾವಣಗೆರೆಯಿಂದ ಸಂತೆಬೆನ್ನೂರು ಮೇಲೆ ಚನ್ನಗಿರಿಗೆ ಬಸ್ ಇದಾವೆ, ಖಾಸಗಿಯವೇ ಜಾಸ್ತಿ. ಇಳಿಯೋವಾಗಲೇ ವಾಪಸ್ ಕೊನೇ ಬಸ್ ಎಷ್ಟೊತ್ತಿಗೆ ಅಂತ ಕಂಡಕ್ಟರ್‌ನ ಕೇಳ್ಕಳ್ರಿ. ಸಂಜೆ ಏರಿ ಮೇಲೆ ಸೂರ್ಯ ನೋಡ್ತಾ ನಿಂತು ಬಸ್ ತಪ್ಪಿಸ್ಕೊಂಡ್ರೆ ಅಲ್ಲಿ ಆಟೋ ಸಿಗೋದು ಕಷ್ಟ. ಹಬ್ಬದ ದಿನ, ಅಮಾವಾಸ್ಯೆ ದಿನ ಕೆಲವು ಬಸ್ ಮದುವೆ, ಜಾತ್ರೆಗೆ ಬಾಡಿಗೆ ಹೋಗಿರ್ತಾವೆ.

ಹದಡಿ ರಸ್ತೆ:
ಹೊದಿಗೆರೆಯಲ್ಲಿ ಏನಿದೆ? ಹೆಸರಷ್ಟೇ ಹೇಳಿಬಿಟ್ರಿ. ಆಮೇಲೆ ಶೌಚಾಲಯದ ವ್ಯವಸ್ಥೆ ಹೇಗೆ? ಹಿರಿಯರು ಇರೋದ್ರಿಂದ ಕೇಳ್ತಿದೀನಿ.

ಚನ್ನಗಿರಿ ಅಡಿಕೆ:
ಶಿವಾಜಿ ಮಹಾರಾಜರ ತಂದೆ ಶಹಾಜಿಯ ಸಮಾಧಿ ರೀ ಅಣ್ಣ. 1664ರಲ್ಲಿ ಬೇಟೆಗೆ ಹೋದಾಗ ಕುದುರೆಯಿಂದ ಬಿದ್ದು ತೀರಿಕೊಂಡಿದ್ದು ಇಲ್ಲೇ. ದೊಡ್ಡ ಕಟ್ಟಡ ಇರುತ್ತೆ ಅಂದ್ಕೊಂಡು ಹೋಗಬೇಡಿ, ಸರಳವಾದ ಕಲ್ಲಿನ ಸಮಾಧಿ, ಕಾಲು ಗಂಟೆ ಸಾಕು. ಇತಿಹಾಸದಲ್ಲಿ ಆಸಕ್ತಿ ಇಲ್ಲದ ಮಕ್ಕಳಾದ್ರೆ ಅದನ್ನ ಬಿಟ್ಟು ಚನ್ನಗಿರಿ ಕೋಟೆ ಹತ್ತಿಸಿ. ಹಿರಿಯರು ಕೆಳಗೇ ಕೂತಿರಲಿ.

ಶೌಚಾಲಯ ಕೆರೆ ಹತ್ತಿರ ಇರುತ್ತೆ ಅಂತ ನಂಬಬ್ಯಾಡ್ರಿ. ತಿಂಡಿಗೆ ಸಂತೆಬೆನ್ನೂರು, ಊಟಕ್ಕೆ ಚನ್ನಗಿರಿ, ಈ ಎರಡು ಕಡೆ ಹೋಟೆಲಲ್ಲೇ ಮುಗಿಸಿಕೊಂಡು ಹೊರಡ್ರಿ. ಕುಡಿಯೋ ನೀರು ದಾವಣಗೆರೆಯಿಂದಲೇ 20 ಲೀಟರ್ ಕ್ಯಾನ್ ಒಂದು ಗಾಡಿಯಲ್ಲಿಟ್ಟುಕೊಳ್ಳಿ.

ಬೆಣ್ಣೆ ಖಾಲಿ:
ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ತಿಂಡಿ ಸಂತೆಬೆನ್ನೂರಲ್ಲಾ? ದಾವಣಗೆರೆಯವರು ಬೆಣ್ಣೆ ದೋಸೆ ಬಿಟ್ಟು ಊರಾಚೆ ಇಡ್ಲಿ ತಿನ್ನಬೇಕಾ? ವಾಪಸ್ ಬಂದ ಮೇಲೆ ಸಂಜೆ ತಿಂತೀವಿ ಅನ್ನೋದಾದ್ರೆ ಸೌದೆ ಒಲೆ ಕಾವಲಿ ಇರೋ ಅಂಗಡಿ ಎಷ್ಟು ಹೊತ್ತಿನವರೆಗೆ ಅಂತ ಮೊದಲೇ ಕೇಳಿಟ್ಕೊಳ್ಳಿ. ದೋಸೆ ಪಾರ್ಸೆಲ್ ಕಟ್ಟಿಸ್ಕೊಂಡು ಕೆರೆಗೆ ಒಯ್ಯೋದಂತೂ ಬೇಡವೇ ಬೇಡ. ಹಿಟ್ಟಿಗೆ ಮಂಡಕ್ಕಿ ಹಾಕಿರ್ತಾರಲ್ಲ, ಅರ್ಧ ಗಂಟೆಗೆ ಮೆತ್ತಗಾಗಿ ಬೆಣ್ಣೆ ಕಾಗದಕ್ಕೇ ಹೋಗಿರುತ್ತೆ.

ಹೊಸ ಐಡಿಯಾ:
ಪಾರ್ಸೆಲ್‌ಗೆ ಮಂಡಕ್ಕಿಯೇ ಸರಿ. ಮಂಡಕ್ಕಿ ಬೇರೆ, ಮಸಾಲೆ ಬೇರೆ, ಹೆಚ್ಚಿದ ಈರುಳ್ಳಿ ಟೊಮೆಟೊ ಬೇರೆ ಡಬ್ಬಿಯಲ್ಲಿ ಒಯ್ದು ತಿನ್ನೋ ಹೊತ್ತಿಗೆ ಕಲಸಿದ್ರೆ ಗರಿಗರಿ ಇರುತ್ತೆ. ಮಿರ್ಚಿ ಮಾತ್ರ ಆರಿದ್ರೆ ಚೆನ್ನಾಗಿರಲ್ಲ.

ಚನ್ನಗಿರಿ ಅಡಿಕೆ:
ತಿನ್ನೋಕೆ ಅಡಿಕೆ ಹಾಳೆ ತಟ್ಟೆ ಒಯ್ಯಿರಿ, ಪ್ಲಾಸ್ಟಿಕ್ ಬ್ಯಾಡ. ಹಾಳೆಯದಾದ್ರೂ ಅಲ್ಲೇ ಬಿಸಾಕಬೇಡಿ, ಒಂದು ಚೀಲದಲ್ಲಿ ತುಂಬಿ ವಾಪಸ್ ತನ್ನಿ. ಊಟದ ಅಂಟಿಗೆ ನಾಯಿ ಸೇರ್ತಾವೆ, ನಾಯಿ ಬಂದ ಕಡೆ ದಡದ ಹಕ್ಕಿ ಗೂಡು ಉಳಿಯಲ್ಲ.

ನೀರುಕಾಗೆ:
ಗಾಡಿ ಬಗ್ಗೆ ಒಂದು ಎಚ್ಚರಿಕೆ. ಹಿಂಬದಿ ಅಂಗಳದ ಕಡೆ ಹೋಗೋರು ನೆಲ ಒಣಗಿದೆ ಅಂತ ಟಿ.ಟಿ. ಇಳಿಸ್ತಾರೆ. ಮೇಲಿನ ನಾಲ್ಕು ಬೆರಳು ಮಣ್ಣು ಒಣಗಿ ಬಿರುಕು ಬಿಟ್ಟಿರುತ್ತೆ, ಅದರ ಕೆಳಗೆ ಮುದ್ದೆ ಹಂಗೆ ಹಸಿ ಹೂಳು. ಚಕ್ರ ಅರ್ಧ ಹೂತು ಹೋಗುತ್ತೆ.

ಚನ್ನಗಿರಿ ಅಡಿಕೆ:
ಹೂತ್ರೆ ಆಕ್ಸಿಲರೇಟರ್ ಒತ್ತಬ್ಯಾಡ್ರಿ, ಅದೇ ಎಲ್ಲರೂ ಮಾಡೋ ತಪ್ಪು. ಚಕ್ರ ತಿರುಗಿದಷ್ಟೂ ಗುಂಡಿ ತೋಡುತ್ತೆ, ಆಕ್ಸಲ್ ನೆಲಕ್ಕೆ ಕೂತ ಮೇಲೆ ಟ್ರ್ಯಾಕ್ಟರೇ ಗತಿ. ಜನರನ್ನ ಇಳಿಸಿ. ಯಾವ ಚಕ್ರ ಎಳೆಯುತ್ತೋ ಅದರ ಮುಂದಿನ, ಹಿಂದಿನ ಮಣ್ಣು ಕೈಯಲ್ಲಿ ಬಗೆದು ಇಳಿಜಾರು ಮಾಡಿ. ಒಣ ಅಡಿಕೆ ಸೋಗೆ ಉದ್ದಕ್ಕೆ ಹಾಕಿ ಚಕ್ರದ ಅಡಿಗೆ ತುರುಕಿ. ಟೈರಿನ ಗಾಳಿ ಮೂರನೇ ಒಂದು ಭಾಗ ಇಳಿಸಿದ್ರೆ ಹಿಡಿತ ಬರುತ್ತೆ, ಆಮೇಲೆ ಹತ್ತಿರದ ಊರಲ್ಲಿ ನಿಧಾನ ಹೋಗಿ ತುಂಬಿಸ್ಕಳ್ರಿ. ಬಂದ ದಾರಿಯಲ್ಲೇ ರಿವರ್ಸ್ ತೆಗೀರಿ, ಆ ಮಣ್ಣು ಆಗಲೇ ಗಟ್ಟಿಯಾಗಿರ್ತದೆ.

ಗಾಳ ಹಾಕೋರು:
ಮೀನಿನ ಮಾತೇ ಬರಲಿಲ್ಲವಲ್ಲ. ಮೀನು ಹಿಡಿಯೋ ಹಕ್ಕು ಗುತ್ತಿಗೆಯವರದು, ಕೇಳದೆ ಗಾಳ ಹಾಕಿ ಕೂರಬೇಡಿ, ಸುಮ್ಮನೆ ಮಾತಿಗೆ ಮಾತು ಬೆಳೆಯುತ್ತೆ. ಬೆಳಿಗ್ಗೆ ಬಲೆ ಎತ್ತೋ ಹೊತ್ತಿಗೆ ಹೋದ್ರೆ ಕಾಟ್ಲಾ, ರೋಹು, ಗೆಂಡೆ, ಜಿಲೇಬಿ ತಾಜಾ ಸಿಗ್ತಾವೆ. ಕಿವಿರು ಎತ್ತಿ ನೋಡಿ, ಕಡುಗೆಂಪಗಿರಬೇಕು. ಕಂದು ಬಣ್ಣಕ್ಕೆ ತಿರುಗಿದ್ರೆ ನಿನ್ನೆಯದು. ಕಣ್ಣು ಉಬ್ಬಿ ತಿಳಿಯಾಗಿರಬೇಕು. ಹೊಟ್ಟೆ ಬೆರಳಲ್ಲಿ ಒತ್ತಿದ್ರೆ ಗುಳಿ ತುಂಬಿಕೊಳ್ಳಬೇಕು.

ಹದಡಿ ರಸ್ತೆ:
ಬೆಳಿಗ್ಗೆ ತಗೊಂಡ್ರೆ ರಾತ್ರಿ ದಾವಣಗೆರೆ ಮುಟ್ಟೋವರೆಗೆ ಕೆಡಲ್ವಾ ಅಣ್ಣ? ಹಿರಿಯರಿಬ್ಬರೂ ಕೆರೆ ಮೀನು ಅಂದ್ರೆ ಬಿಡಲ್ಲ.

ಗಾಳ ಹಾಕೋರು:
ಹಿಂದಿನ ದಿನವೇ ಥರ್ಮಾಕೋಲ್ ಡಬ್ಬಿ, ಐಸು ಹೊಂದಿಸಿಕೊಂಡ್ರೆ ಕೆಡಲ್ಲ. ಹೊಟ್ಟೆ, ಕಿವಿರು ಎರಡನ್ನೂ ಅಲ್ಲೇ ತೆಗೆಸಿ, ಕೆಡೋದು ಅಲ್ಲಿಂದಲೇ ಶುರು. ತುಂಡು ಮಾಡಿಸಬೇಡಿ, ಇಡೀ ಮೀನು ಹೆಚ್ಚು ಹೊತ್ತು ತಾಳುತ್ತೆ. ಕೆಜಿ ಮೀನಿಗೆ ಕೆಜಿ ಐಸು, ಪುಡಿ ಮಾಡಿದ್ದು. ತಳಕ್ಕೆ ಐಸು, ಮೇಲೆ ಮೀನು, ಮತ್ತೆ ಐಸು, ಹಂಗೆ ಪದರ ಹಾಕಿ. ಹೊಟ್ಟೆಯೊಳಗೂ ಒಂದು ಹಿಡಿ ತುಂಬಿ. ಡಬ್ಬಿ ತಳದ ಮೂಲೆಗೆ ಚಿಕ್ಕ ತೂತು ಮಾಡಿ ಕೆಳಗೊಂದು ತಟ್ಟೆ ಇಡಿ. ಕರಗಿದ ನೀರಲ್ಲಿ ಮೀನು ನೆನೆದ್ರೆ ಮೆತ್ತಗಾಗಿ ಸಾರಲ್ಲಿ ಒಡೆದು ಹೋಗುತ್ತೆ. ಡಬ್ಬಿ ಡಿಕ್ಕಿಯಲ್ಲಿಡಿ, ಬಿಸಿಲು ಬೀಳೋ ಕಡೆ ಬೇಡ. ಚನ್ನಗಿರಿಯಲ್ಲಿ ಊಟಕ್ಕೆ ನಿಂತಾಗ ಒಮ್ಮೆ ತೆಗೆದು ನೋಡಿ, ಐಸು ಅರ್ಧ ಇಳಿದಿದ್ರೆ ಅಲ್ಲೇ ಎರಡು ಕೆಜಿ ಹಾಕಿಸ್ಕೊಳ್ಳಿ.